ತಡವಾಗಿ ಬರುವ ತುಪ್ಪ

ಮದುವೆಯಾಗಿ ಮೂರು ತಿಂಗಳು ಆಗಲಿಕ್ಕಿಲ್ಲ, ಚಿಕ್ಕಮ್ಮ, ದೊಡ್ಡಮ್ಮ, ಎದುರುಮನೆಯ ಆಂಟಿ ಎಲ್ಲರಿಗೂ ಒಂದೇ ಪ್ರಶ್ನೆ: "ಏನಮ್ಮಾ, ಏನಾದ್ರೂ ವಿಶೇಷಾನಾ?" ಆ ಹುಡುಗಿ ಬೆಳಿಗ್ಗೆ ಬರೀ ಕಾಫಿ ಕುಡಿದು ಬಸ್ ಹಿಡಿದಳೋ, ರಾತ್ರಿ ಎಲ್ಲರ ಊಟವಾದ ಮೇಲೆ ತಳದ ಸಾರಿಗೆ ಅನ್ನ ಕಲಸಿಕೊಂಡಳೋ, ಅದನ್ನು ಮಾತ್ರ ಯಾರೂ ಕೇಳರು. "ಹೂಂ" ಅಂದಿದ್ದೇ ತಡ, ತುಪ್ಪದ ಡಬ್ಬಿ ಕೆಳಗಿಳಿಯಿತು ನೋಡಿ!

ಅಷ್ಟರಲ್ಲಿ ಒಂದು ಮುಖ್ಯ ಕೆಲಸ ಮುಗಿದೇ ಹೋಗಿರುತ್ತದೆ. ಮಗುವಿನ ಮಿದುಳು, ಬೆನ್ನುಹುರಿ ಆಗಬೇಕಾದ ನಾಳ ಗರ್ಭ ನಿಂತ ಸುಮಾರು 28 ದಿನಕ್ಕೆಲ್ಲ ಮುಚ್ಚಿಕೊಳ್ಳುತ್ತದೆ. ಇವಳಿನ್ನೂ ಕ್ಯಾಲೆಂಡರ್ ನೋಡಿ ಬೆರಳು ಮಡಿಸುತ್ತಿರುತ್ತಾಳೆ. ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಬಸಿರಿಗೆ ಮೊದಲೇ ಶುರುವಾಗಬೇಕು ಎಂದು ಡಾಕ್ಟರು ಹೇಳುವುದು ಇದಕ್ಕೇ. ಚಿಕ್ಕಮ್ಮ ಏನಾದರೂ ಕೇಳಲೇಬೇಕಿದ್ದರೆ, ಮಾತ್ರೆ ತಗೊಂಡೆಯಾ ಅಂತ ಕೇಳಲಿ. ತೂಕ ಇಳಿಸುವುದಿದ್ದರೂ ಆಗಲೇ. ಬಸಿರಿನಲ್ಲಿ ಡಯಟ್ ಮಾಡಿ ಸಣ್ಣಗಾಗುವ ಹುಚ್ಚು ಬೇಡ.

ಇನ್ನು "ಇಬ್ಬರ ಊಟ ಮಾಡಬೇಕು" ಎನ್ನುವವರು. ಆ ಎರಡನೆಯವರು ಮೂರು ತಿಂಗಳಾದರೂ ಹೆಬ್ಬೆರಳಿನಷ್ಟೇ ಇರುತ್ತಾರೆ, ಅವರಿಗೂ ಬಾಳೆಲೆ ಹಾಕಬೇಕೇ? ಆಮೇಲೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ದಿನಕ್ಕೆ ಹೆಚ್ಚಿಗೆ ಬೇಕಾದ್ದು 350 ಕ್ಯಾಲೊರಿ. ಎರಡು ಚಪಾತಿ, ಒಂದು ಲೋಟ ಹಾಲು, ಮುಗಿಯಿತು. ತುಪ್ಪ ಸುರಿದ ಒಂದು ಹೋಳಿಗೆಯೇ ಹೆಚ್ಚುಕಡಿಮೆ ಅಷ್ಟನ್ನು ನುಂಗುತ್ತದೆ. ತೂಕವೂ ಎಲ್ಲರಿಗೂ ಒಂದೇ ಅಲ್ಲ. 2009ರ ಅಮೆರಿಕದ ಮಾರ್ಗಸೂಚಿಯಲ್ಲಿ, ಮೊದಲೇ ತೀರಾ ಸಣಕಲಿದ್ದವಳು ಹದಿನೆಂಟು ಕಿಲೋದವರೆಗೂ ಏರಬಹುದು, ಬೊಜ್ಜಿದ್ದವಳಿಗೆ 5ರಿಂದ 9 ಕಿಲೋ ಸಾಕು. ಅತ್ತೆಯ ಕಣ್ಣಳತೆಗೆ ಮಾತ್ರ ಸೊಸೆ ಯಾವತ್ತೂ "ಸೊರಗಿದ್ದಾಳೆ", ಇಲ್ಲವೇ "ಹೀಗೆ ತಿಂದರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ". ನಡುವೆ ನಿಲ್ದಾಣವೇ ಇಲ್ಲ!

ಕೇಸರಿ ಹಾಲಿಗೆ ಮಗುವನ್ನು ಕೆಂಪಗೆ ಮಾಡುವ ವಿದ್ಯೆ ಗೊತ್ತಿಲ್ಲ. ಕಬ್ಬಿಣದ ಮಾತ್ರೆಗೆ ರಕ್ತ ಹೆಚ್ಚಿಸುವ ವಿದ್ಯೆ ಗೊತ್ತಿದೆ, ಆದರೆ ಕಾಫಿಯ ಜೊತೆ ನುಂಗಿದರೆ ಅದೂ ಅರ್ಧ ಮರೆಯುತ್ತದೆ. ನಿಂಬೆ ಶರಬತ್ತಾದರೆ ಸಲೀಸು.

2017ರಲ್ಲಿ ನಮ್ಮ ಸರ್ಕಾರ ಮಾತೃಪೂರ್ಣ ಯೋಜನೆ ತಂದಾಗ ಬಸುರಿಯರು, ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ, ಮೊಟ್ಟೆ, ಹಾಲು ತಗೊಳ್ಳಲಿ ಎಂದಿತು. ಪೊಟ್ಟಣ ಕಟ್ಟಿ ಮನೆಗೆ ಕಳಿಸಿದರೆ ಯಾರ್ಯಾರ ಹೊಟ್ಟೆ ಸೇರುತ್ತದೆಂದು ವಿಧಾನಸೌಧಕ್ಕೂ ಗೊತ್ತಿತ್ತು ಅನ್ನಿ.

ಪಟ್ಟಣದ ಮನೆಗಳಲ್ಲಿ ಆ ಹೊಟ್ಟೆ ಗಂಡನದು. ಬಯಕೆ ಅಂತ ಹೆಂಡತಿ ಮಸಾಲೆದೋಸೆ ತರಿಸುತ್ತಾಳೆ, ಎರಡು ತುತ್ತಿಗೆ ವಾಕರಿಕೆ. ಅನ್ನ ಚೆಲ್ಲಬಾರದೆಂದು ಪಾಪ, ಈತನೇ ಮುಗಿಸುತ್ತಾನೆ. ಸೀಮಂತದ ದಿನ ಇಬ್ಬರನ್ನೂ ಪಕ್ಕದಿಂದ ಕ್ಲಿಕ್ಕಿಸಬೇಡಪ್ಪ ಎಂದು ಫೋಟೋಗ್ರಾಫರನ ಕಿವಿಯಲ್ಲಿ ಮೊದಲೇ ಹೇಳಿಟ್ಟಿರಿ.