ಗಾಜಿನ ಚೌಕಟ್ಟಿನೊಳಗಿರುವ ತಮಗೆ

ಮಣಿಪಾಲದ ಒಂದು ಪಂಪ್ ಕಂಪನಿಯ ಗೋಡೆಯಲ್ಲಿ ವಿರಾಜಮಾನರಾಗಿರುವ ಶ್ರೀ ಐಎಸ್‌ಒ 9001:2015 ಪ್ರಮಾಣಪತ್ರದವರ ಸನ್ನಿಧಾನಕ್ಕೆ,

ಕಾಪುವಿನಿಂದ ಒಬ್ಬ ಗಿರಾಕಿಯ ಸಾಷ್ಟಾಂಗ ನಮಸ್ಕಾರ. ಇವತ್ತು ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ತಮ್ಮೆದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದವನು ನಾನೇ. ಓದಲು ಬೇರೇನೂ ಇರಲಿಲ್ಲ, ತಮ್ಮನ್ನೇ ಓದಿದೆ. ಚಿನ್ನದ ಅಂಚು, ಕೆಂಪು ಮುದ್ರೆ, ಮೂರು ವರ್ಷದ ಆಯುಷ್ಯ. ನನ್ನ ಪಂಪಿಗೆ ಕೊಟ್ಟದ್ದು ಒಂದು ವರ್ಷದ ವಾರಂಟಿ. ಅಷ್ಟನ್ನೂ ಅದು ಬಾಳಲಿಲ್ಲ.

ಕಡು ಬೇಸಿಗೆಯಲ್ಲಿ ಬಾವಿಯ ಪಂಪು ಗುಂಯ್ಯೆಂದು ನಿಂತರೆ ನಮ್ಮಲ್ಲಿ ಏನಾಗುತ್ತದೆಂದು ಎಸಿ ಕೋಣೆಯ ತಮಗೆ ಹೇಗೆ ತಿಳಿಯಬೇಕು? ಮನೆಯವಳು ಅಟ್ಟದಿಂದ ಹಳೇ ರಾಟೆ ಇಳಿಸಿದ್ದಾಳೆ. ಹಗ್ಗ ಎಳೆಯುವವನು ನಾನು.

ಮೇಜಿನ ಹಿಂದಿನ ಹುಡುಗ ಕಂಪ್ಯೂಟರ್ ನೋಡಿ, "ಸರ್, ನಿಮ್ಮ ಕಂಪ್ಲೇಂಟ್ ಕ್ಲೋಸ್ ಆಗಿದೆ" ಎಂದ. ಪಂಪು ಸರಿಯಾಗಿಲ್ಲವಲ್ಲ ಮಾರಾಯ? "ನಮ್ಮವರು ಬಂದು ನೋಡಿ ಹೋಗಿದ್ದಾರೆ ಸರ್. ದಾಖಲೆಯಲ್ಲಿದೆ."

ಬಂದವನು ನೋಡಿದ್ದು ಹೌದು. ಬಾವಿಗೆ ಇಣುಕಿ ನೋಡಿದ, ಎಳನೀರು ಕುಡಿದ, ನನ್ನ ಸಹಿ ಹಾಕಿಸಿಕೊಂಡ. ಎಳನೀರು ಮಾತ್ರ ದಾಖಲೆಯಲ್ಲಿಲ್ಲ.

ತಮ್ಮ ಕುಲಗೋತ್ರ ನನಗೆ ಗೊತ್ತು ಸ್ವಾಮಿ. 1987ರಲ್ಲಿ ಹುಟ್ಟಿದಿರಿ. ಜಿನೀವಾದ ಐಎಸ್‌ಒ ಸಂಸ್ಥೆ ನಿಯಮ ಬರೆಯುತ್ತದೆಯೇ ಹೊರತು ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಕೊಡುವವರು ಬೇರೆ ಏಜೆನ್ಸಿಯವರು, ಅವರ ಫೀಸು ಕಟ್ಟುವುದು ಪರೀಕ್ಷೆಗೆ ಕೂತ ಕಂಪನಿಯೇ. ಅದೂ ಪಂಪು ನೀರೆತ್ತುತ್ತದೆಯೇ ಎಂಬ ಪರೀಕ್ಷೆಯಲ್ಲ, ಕಂಪನಿ ಕ್ರಮಬದ್ಧವಾಗಿ ನಡೆಯುತ್ತದೆಯೇ ಎಂಬುದು. ಪಂಪಿನ ಪರೀಕ್ಷೆ ಬೇಕಾದರೆ ಬಿಐಎಸ್‌ನ ಐಎಸ್‌ಐ ಗುರುತು ಬೇರೆ ಇದೆ. ಓಪನ್‌ವೆಲ್ ಸಬ್‌ಮರ್ಸಿಬಲ್‌ಗೆ ಐಎಸ್ 14220. ನಾನು ಕೊಳ್ಳುವಾಗ ಅಂಗಡಿಯವನು ತೋರಿಸಿದ್ದು ಮಾತ್ರ ರಟ್ಟಿನ ಪೆಟ್ಟಿಗೆಯ ಮೇಲಿದ್ದ ತಮ್ಮ ಹೆಸರನ್ನು.

ಆದರೂ ತಮ್ಮ 10.2ನೇ ಕಲಮು ಏನು ಹೇಳುತ್ತದೆ? ದೂರು ಬಂದರೆ ಕಾರಣ ಹುಡುಕಬೇಕು, ಅದು ಮರುಕಳಿಸದಂತೆ ನೋಡಿಕೊಳ್ಳಬೇಕು. ಚಂದದ ಮಾತು. ಕಾರಣ ಹುಡುಕಿದವನು ಕಾರ್ಕಳದ ಒಬ್ಬ ವೈಂಡಿಂಗ್ ಅಂಗಡಿಯವನು. ಬಿಚ್ಚಿದ ಕೂಡಲೇ ಹೇಳಿದ: "ಸೀಲ್ ಹೋಗಿ ನೀರು ಒಳಗೆ ಇಳಿದಿದೆ ಅಣ್ಣ, ವೈಂಡಿಂಗ್ ಸುಟ್ಟಿದೆ. ಈ ಮಾಡೆಲ್ ಇದಕ್ಕೆ ಮೊದಲೂ ಬಂದಿದೆ." ಅವನ ಗೋಡೆಯಲ್ಲಿರುವುದು ಗಣಪತಿಯ ಕ್ಯಾಲೆಂಡರ್ ಒಂದೇ.

ಇದನ್ನು ಹೇಳಿದರೆ ಆ ಹುಡುಗನ ಮುಖ ಅರಳಿತು. "ಹೊರಗಿನವರು ಬಿಚ್ಚಿದ್ದಾರಾ? ಹಾಗಾದರೆ ವಾರಂಟಿ ಇಲ್ಲ ಸರ್." ತಕ್ಷಣ ಟೈಪ್ ಮಾಡಿದ. ಅದೀಗ ದಾಖಲೆಯಲ್ಲಿದೆ.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಪಂಪು ಕೆಡಲಿ, ಯಂತ್ರ ಅಂದಮೇಲೆ ಕೆಡುತ್ತದೆ. ಕೆಟ್ಟ ಪಂಪನ್ನು ಬಾವಿಯಲ್ಲೇ ಬಿಟ್ಟು ದೂರನ್ನು ಮುಗಿಸಿದವರು ಯಾರು? ನಾಳೆ ಆಡಿಟರ್ ಬಂದಾಗ ಬಂದ ದೂರು, ಮುಗಿದ ದೂರು ಎರಡೂ ಸರಿಹೊಂದುತ್ತವೆ, ತಮಗೆ ಇನ್ನೂ ಮೂರು ವರ್ಷ ಆಯುಷ್ಯ ಸಿಗುತ್ತದೆ. ನಾನು ಸಹಿ ಹಾಕಿದ್ದು ಆಳು ಬಂದದ್ದಕ್ಕೆ, ಪಂಪು ಓಡಿದ್ದಕ್ಕಲ್ಲ. ಇದು ಸುಳ್ಳು ಲೆಕ್ಕ.

ಆಡಿಟರ್ ಮಹಾಶಯರೇ, ಈ ಪತ್ರ ತಮ್ಮ ಕಣ್ಣಿಗೂ ಬಿದ್ದರೆ, ಮುಂದಿನ ಸಲ ಫೈಲು ಮುಚ್ಚಿಟ್ಟು ಮುಗಿದ ದೂರುಗಳ ಪೈಕಿ ಯಾವುದಾದರೂ ಹತ್ತು ಮನೆಗೆ ಫೋನ್ ಮಾಡಿ. ನನಗೂ ಮಾಡಿ. ಹಗ್ಗ ಕೈಯಲ್ಲಿದ್ದರೆ ಎತ್ತುವುದು ಸ್ವಲ್ಪ ತಡವಾದೀತು.

ಇಂತಿ,
ದಾಖಲೆಯ ಪ್ರಕಾರ ಸಂತೃಪ್ತ ಗ್ರಾಹಕ,
ಕಾಪು