ಯೂಸಿ ರಾಯರು

ಮುಂಬಯಿಯ ಯಾವ ವಿದ್ಯಾಸಂಸ್ಥೆಗೆ ಬೇಕಾದರೂ ಹೋಗಿ ನೋಡಿ. ಗ್ರಂಥಾಲಯಕ್ಕೆ ಬೋರ್ಡು ಇರುತ್ತದೆ, ಕ್ಯಾಂಟೀನಿಗೆ ವಾಸನೆಯೇ ಬೋರ್ಡು. ಸಂಶೋಧನೆಯ ಹಣದ ಲೆಕ್ಕ ನೋಡುವ ಪ್ರಾಜೆಕ್ಟ್ ಸೆಕ್ಷನ್ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಕಂಕುಳಲ್ಲಿ ಫೈಲು ಇಟ್ಟುಕೊಂಡು, ಮುಖ ಸಣ್ಣಗೆ ಮಾಡಿಕೊಂಡು ಪ್ರೊಫೆಸರರೊಬ್ಬರು ಎದುರಿಗೆ ಬರುತ್ತಿರುತ್ತಾರೆ. ಅವರು ಬಂದ ದಿಕ್ಕಿಗೆ ನಡೆದರೆ ಸಾಕು.

ಅಲ್ಲಿ ಗೋದ್ರೆಜ್ ಕಪಾಟುಗಳ ನಡುವೆ, ಕನ್ನಡಕವನ್ನು ಹಣೆಗೇರಿಸಿ ಕೂತವರೇ ಯೂಸಿ ರಾಯರು. ರಾವ್ ಆಗಿರಲೇಬೇಕೆಂದಿಲ್ಲ. ಶೆಟ್ಟರಾಗಬಹುದು, ಪೈಗಳಾಗಬಹುದು, ಸಾವಂತರೋ ಪಿಳ್ಳೆಯವರೋ ಆಗಿರಬಹುದು. ನನಗೆ ಗಂಟುಬಿದ್ದವರು ಮಾತ್ರ ಹೆಚ್ಚಾಗಿ ಉಡುಪಿ, ಕುಂದಾಪುರದ ಕಡೆಯವರು. ಹಗಲು ಹೊಟೇಲಿನ ಗಲ್ಲೆಯಲ್ಲಿ ಕೂತು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿ, ಆಮೇಲೆ ಮಾರ್ನಿಂಗ್ ಕಾಲೇಜಿನಲ್ಲಿ ಬಿ.ಕಾಂ. ಮಾಡಿಕೊಂಡವರು. ಹಾಗಾಗಿ ರಾಯರು ಎಂದೇ ಇಟ್ಟುಕೊಳ್ಳೋಣ. ಯೂಸಿ ಎಂದರೆ ಯುಟಿಲೈಸೇಶನ್ ಸರ್ಟಿಫಿಕೇಟ್. ನೀವು ಕೊಟ್ಟ ದುಡ್ಡನ್ನು ನೀವು ಹೇಳಿದ ಕೆಲಸಕ್ಕೇ ಖರ್ಚು ಮಾಡಿದ್ದೇವೆ ಎಂದು ದಿಲ್ಲಿಗೆ ಬರೆದುಕೊಡುವ ಪ್ರಮಾಣಪತ್ರ. 2017ರ ಜನರಲ್ ಫೈನಾನ್ಷಿಯಲ್ ರೂಲ್ಸ್ ಪ್ರಕಾರ ಅದು ಫಾರ್ಮ್ 12-ಎ. ಅದಕ್ಕೆ ಹಿಂದೆ, 2005ರ ನಿಯಮಗಳಲ್ಲಿ, 19-ಎ ಆಗಿತ್ತು. ರಾಯರ ಬಾಯಲ್ಲಿ ಇವತ್ತಿಗೂ ಅದು ‘ನೈಂಟೀನ್ ಎ’ಯೇ. ವಿ.ಟಿ. ಸ್ಟೇಷನ್ನಿನ ಹೆಸರು ಬದಲಾಗಿದ್ದನ್ನೂ ಒಪ್ಪದ ತಲೆಮಾರು ಅದು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಹುಟ್ಟಿದಾಗ ಪ್ರಾಜೆಕ್ಟ್ ಸೆಕ್ಷನ್ ಇರಲಿಲ್ಲ. ಆದರೂ ಅದು ಹುಟ್ಟಿದ್ದೇ ಇದಕ್ಕೆ. ಪ್ರೊಫೆಸರರು ಎರಡು ವರ್ಷ ಅರ್ಜಿ ಬರೆದು, ಪ್ರೆಸೆಂಟೇಶನ್ ಕೊಟ್ಟು, ದಿಲ್ಲಿಯ ದೇವರನ್ನು ಒಲಿಸಿಕೊಂಡು ಮಂಜೂರಾತಿ ಪತ್ರ ತಂದಿರುತ್ತಾರೆ; ಜೊತೆಗೆ ಪೇಢೆಯ ಪೊಟ್ಟಣ. ರಾಯರು ಮೊದಲು ಪೇಢೆ ತಿನ್ನುತ್ತಾರೆ. ಆಮೇಲೆ ಪತ್ರದ ಮೊದಲ ಪುಟವನ್ನು, ಅಂದರೆ ಸಂಶೋಧನೆಯ ಹೆಸರು, ಪ್ರೊಫೆಸರರ ಹೆಸರು, ಒಟ್ಟು ಮೊತ್ತ ಇರುವ ಆ ಪುಟವನ್ನು, ಮಡಚಿ ಹಿಂದಕ್ಕೆ ಹಾಕುತ್ತಾರೆ. ಷರತ್ತುಗಳಿರುವುದು ಮೂರನೆಯ ಪುಟದಲ್ಲಿ.

“ಓವರ್‌ಹೆಡ್ ಎಷ್ಟು ಕೊಟ್ಟಿದ್ದಾರೆ?”

ಓವರ್‌ಹೆಡ್ ಎಂದರೆ ಸಂಸ್ಥೆಯ ಪಾಲು. ಕರೆಂಟು, ನೀರು, ಜಾಗ ಮತ್ತು ರಾಯರ ತಲೆನೋವಿನ ಬಾಬತ್ತು. ಉಳಿದ ಹಣವೆಲ್ಲ ಹೆಡ್ಡುಗಳಲ್ಲಿ ಹಂಚಿಹೋಗಿರುತ್ತದೆ: ಮ್ಯಾನ್‌ಪವರ್, ಕನ್ಸ್ಯೂಮೆಬಲ್ಸ್, ಟ್ರಾವೆಲ್, ಕಂಟಿಂಜೆನ್ಸಿ, ಇಕ್ವಿಪ್‌ಮೆಂಟ್. ಒಂದು ಹೆಡ್ಡಿನ ಹಣ ಇನ್ನೊಂದು ಹೆಡ್ಡಿನ ಮನೆಗೆ ನೀರು ಕುಡಿಯಲೂ ಹೋಗುವಂತಿಲ್ಲ. ಹೋಗಬೇಕಾದರೆ ದಿಲ್ಲಿಯ ಅಪ್ಪಣೆ ಬೇಕು. ಕ್ಯಾನ್ಸರಿನ ಮೇಲೋ ಕಡಲ ಪಾಚಿಯ ಮೇಲೋ ಸಂಶೋಧನೆ ನಡೆಯುತ್ತಿದೆ ಎಂಬುದು ರಾಯರಿಗೆ ಅಷ್ಟಾಗಿ ಸಂಬಂಧಪಟ್ಟ ವಿಷಯವಲ್ಲ. ಅವರ ಪಾಲಿಗೆ ಅದು ‘ಟ್ರಾವೆಲ್ಲಿನಲ್ಲಿ ಮೈನಸ್ ಇರುವ ಪ್ರಾಜೆಕ್ಟು’.

ಒಮ್ಮೆ ಮೈಕ್ರೋಸ್ಕೋಪಿನ ಮುಂದೆ ಕೂರಲು ಒಂದು ಸ್ಟೂಲು ಬೇಕಾಯಿತು. ಮೈಕ್ರೋಸ್ಕೋಪು ಇಕ್ವಿಪ್‌ಮೆಂಟ್ ಹೆಡ್ಡಿನಲ್ಲಿ ಬಂದಿತ್ತು. ಸ್ಟೂಲು ಫರ್ನಿಚರು, ಫರ್ನಿಚರಿಗೆ ಮಂಜೂರಾತಿ ಇಲ್ಲ.

“ಸ್ಟೂಲಿಲ್ಲದೆ ನೋಡೋದು ಹೇಗೆ ರಾಯ್ರೆ?”

“ನಿಂತು ನೋಡಿ ಸರ್.”

ಪ್ರೊಫೆಸರರು ಬಾಗಿಲ ತನಕ ಹೋದ ಮೇಲೆ, ಫೈಲಿನಿಂದ ತಲೆ ಎತ್ತದೆ, “ಬಿಲ್ಲಿನಲ್ಲಿ ಮೈಕ್ರೋಸ್ಕೋಪ್ ಆಕ್ಸೆಸರಿ ಅಂತ ಬರೆಸಿ ತನ್ನಿ ಅಂತ ನಾನು ಹೇಳಿಲ್ಲ” ಅಂದರು.

ಕೊಟೇಶನ್ನಿನ ವಿಷಯದಲ್ಲಿ ಈ ದಯೆ ಇಲ್ಲ. ಒಂದು ಮಿತಿಗಿಂತ ದುಬಾರಿ ವಸ್ತು ಕೊಳ್ಳಲು ಮೂರು ಅಂಗಡಿಗಳ ದರಪಟ್ಟಿ ಬೇಕು. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯವರಾಗಲಿ, ಪ್ರಿನ್ಸೆಸ್ ಸ್ಟ್ರೀಟಿನ ಗಾಜು-ಕೆಮಿಕಲ್ಲಿನವರಾಗಲಿ ಗಿರಾಕಿಯನ್ನು ಮೂರು ಕಡೆ ಅಲೆಸುವಷ್ಟು ಕಲ್ಲೆದೆಯವರಲ್ಲ. ತಮ್ಮದೊಂದು, ತಮ್ಮನದೊಂದು, ಹೆಂಡತಿಯ ತಮ್ಮನದೊಂದು ಎಂದು ಮೂರನ್ನೂ ಒಂದೇ ಲಕೋಟೆಯಲ್ಲಿ ಹಾಕಿಕೊಡುತ್ತಾರೆ. ರಾಯರು ಆ ಮೂರು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಹರಡಿ, ಜಾತಕ ಕೂಡಿಸುವವರ ಗಾಂಭೀರ್ಯದಲ್ಲಿ ನೋಡುತ್ತಾರೆ. ಲೆಟರ್‌ಹೆಡ್ ಬೇರೆ, ಸೀಲು ಬೇರೆ, ರುಜು ಬೇರೆ. “ಟ್ರಾನ್ಸ್‌ಫಾರ್ಮರ್ ಸ್ಪೆಲ್ಲಿಂಗು ಮಾತ್ರ ಮೂರರಲ್ಲಿಯೂ ಒಂದೇ ರೀತಿ ತಪ್ಪುಂಟಲ್ಲ ಸರ್” ಎನ್ನುತ್ತಾರೆ. ಸಹಸಂಶೋಧಕರು ಯಾರೂ ಯಾವ ಪ್ರಬಂಧವನ್ನೂ ಇಷ್ಟು ಹತ್ತಿರದಿಂದ ಓದಿದ್ದನ್ನು ನಾನು ಕಂಡಿಲ್ಲ.

ಆಮೇಲೆ ಜೆಮ್ ಪೋರ್ಟಲ್ ಬಂತು. ಸರಕಾರಿ ಹಣದಲ್ಲಿ ಕೊಳ್ಳುವ ಪೆನ್ಸಿಲಿನಿಂದ ಪಿಪೆಟ್ಟಿನವರೆಗೆ ಅಲ್ಲಿಯೇ ಕೊಳ್ಳಬೇಕಾಯಿತು, ಕಡಿಮೆ ದರದವನಿಗೇ ಕೊಡಬೇಕಾಯಿತು. ಕಡಿಮೆ ದರದ ಪಿಪೆಟ್ಟು ಅಳೆಯುವುದು ಬಿಟ್ಟು ಬೇರೆಲ್ಲ ಮಾಡುತ್ತದೆ ಎಂದು ವಿಜ್ಞಾನಿಗಳು ವರ್ಷಗಟ್ಟಲೆ ಗೋಳಾಡಿದರು. ಕೊನೆಗೆ 2025ರ ಜೂನ್‌ನಲ್ಲಿ ಕೇಂದ್ರ ಸರಕಾರ ಪಟ್ಟು ಸಡಿಲಿಸಿತು: ವೈಜ್ಞಾನಿಕ ಉಪಕರಣಗಳನ್ನು ಜೆಮ್‌ನ ಹೊರಗೂ ಕೊಳ್ಳಬಹುದು, ಕೊಟೇಶನ್ ಇಲ್ಲದೆ ನೇರ ಖರೀದಿಯ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ, 200 ಕೋಟಿ ರೂಪಾಯಿಯವರೆಗಿನ ಜಾಗತಿಕ ಟೆಂಡರಿಗೆ ಕುಲಪತಿ, ನಿರ್ದೇಶಕರೇ ಒಪ್ಪಿಗೆ ಕೊಡಬಹುದು. ಪ್ರೊಫೆಸರರು ಪೇಪರಿನ ತುಂಡು ಹಿಡಿದು ಓಡೋಡಿ ಬಂದರು. ರಾಯರು ಓದಿದರು, ಸಂತೋಷಪಟ್ಟರು ಕೂಡ.

“ಒಳ್ಳೆ ಸುದ್ದಿ. ಆದ್ರೆ ಸರ್, ಇದು ಪೇಪರು. ಸರ್ಕ್ಯುಲರ್ ಬರಬೇಕು. ಸರ್ಕ್ಯುಲರ್ ನಮಗೆ ಅನ್ವಯಿಸ್ತದಾ ನೋಡ್ಬೇಕು. ಅನ್ವಯಿಸಿದ್ರೆ ಫೈನಾನ್ಸ್ ಕಮಿಟಿ ಅಡಾಪ್ಟ್ ಮಾಡ್ಬೇಕು. ಕಮಿಟಿ ಮೊನ್ನೆಯಷ್ಟೇ ಆಯ್ತು.”

ರಾಯರ ವರ್ಷದಲ್ಲಿ ಎರಡೇ ಋತು: ಮಾರ್ಚಿಗೆ ಮುಂಚೆ, ಮಾರ್ಚಿನ ನಂತರ. ಮೊದಲನೆಯದರಲ್ಲಿ ಯಾಕೆ ಖರ್ಚು ಮಾಡಿಲ್ಲ ಎಂದು ಕೇಳುತ್ತಾರೆ, ಎರಡನೆಯದರಲ್ಲಿ ಯಾಕೆ ಖರ್ಚು ಮಾಡಿದಿರಿ ಎಂದು. ಹಿಂದೆಲ್ಲ ಪ್ರಾಜೆಕ್ಟಿನ ಹಣ ಸಂಸ್ಥೆಯ ಬ್ಯಾಂಕ್ ಖಾತೆಯಲ್ಲಿ ತಣ್ಣಗೆ ಮಲಗಿರುತ್ತಿತ್ತು. ಮಲಗಿದ್ದಕ್ಕೆ ಬಂದ ಬಡ್ಡಿಯೂ ಸರಕಾರದ್ದೇ, ಅದನ್ನು ಭಾರತಕೋಶ್ ಪೋರ್ಟಲಿನಲ್ಲಿ ಹಿಂದಿರುಗಿಸಬೇಕು. ನಲವತ್ತು ಚಿಲ್ಲರೆ ರೂಪಾಯಿ ಬಡ್ಡಿಗೆ ರಾಯರು ಅರ್ಧ ದಿನ ಆ ಪೋರ್ಟಲಿನ ಮುಂದೆ ಕೂತಿದ್ದನ್ನು ನೋಡಿದ್ದೇನೆ. ಈಗ ಹಲವು ಯೋಜನೆಗಳಲ್ಲಿ ಹಣ ಬರುವುದೇ ಇಲ್ಲ. ಝೀರೋ ಬ್ಯಾಲೆನ್ಸ್ ಖಾತೆಯಲ್ಲಿ ಖರ್ಚಿನ ಒಂದು ಮಿತಿ ಮಾತ್ರ ಕಾಣಿಸುತ್ತದೆ. ಮಾರ್ಚ್ 31ರ ರಾತ್ರಿ ಆ ಮಿತಿಯೂ ಮಾಯ. ಆ ವಾರ ಪ್ರಯೋಗಾಲಯಗಳಿಗೆ ಬರುವ ಪ್ರಿಂಟರ್ ಟೋನರನ್ನು ನೋಡಿದರೆ, ನಮ್ಮ ದೇಶದ ವಿಜ್ಞಾನವೆಲ್ಲ ಕಪ್ಪು ಪುಡಿಯ ಮೇಲೇ ನಡೆಯುತ್ತಿದೆ ಎಂದು ಹೊರಗಿನವರು ತಿಳಿಯಬೇಕು.

ಈ ಇಡೀ ಆಟದಲ್ಲಿ ಪೆಟ್ಟು ತಿನ್ನುವುದು ಪ್ರೊಫೆಸರರಲ್ಲ. ಅವರಿಗೆ ಸಂಬಳ ಬೇರೆ ಕಡೆಯಿಂದ ಬರುತ್ತದೆ. ಪೆಟ್ಟೆಲ್ಲ ಮ್ಯಾನ್‌ಪವರ್ ಹೆಡ್ಡಿನಲ್ಲಿರುವ ಹುಡುಗ ಹುಡುಗಿಯರಿಗೆ. ಜೂನಿಯರ್ ರಿಸರ್ಚ್ ಫೆಲೋಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆಬಾಡಿಗೆ ಭತ್ಯೆ. ಕಾಗದದ ಮೇಲೆ ಕುಬೇರನೇ. ಆದರೆ ಎರಡನೆಯ ಕಂತು ಬರಬೇಕಾದರೆ ಮೊದಲನೆಯ ಕಂತಿನ ಯೂಸಿ ಹೋಗಬೇಕು. ಯೂಸಿ ಹೋಗಬೇಕಾದರೆ ಲೆಕ್ಕಪತ್ರಕ್ಕೆ ಸಿ.ಎ. ರುಜು ಬೇಕು. ಸಿ.ಎ.ಗೆ ಬಿಲ್ಲು ಬೇಕು. ಬಿಲ್ಲು ಪ್ರೊಫೆಸರರ ಡ್ರಾಯರಿನಲ್ಲಿರುತ್ತದೆ. ಪ್ರೊಫೆಸರರು ಕಾನ್ಫರೆನ್ಸಿಗೆಂದು ಲಿಸ್ಬನ್ನಿನಲ್ಲಿರುತ್ತಾರೆ.

ವಿಜಯಪುರದ ಕಡೆಯ ಹುಡುಗನೊಬ್ಬ ಒಂದು ದಿನ ರಾಯರ ಮೇಜಿನ ಮುಂದೆ ಬಂದು ನಿಂತ. ಕಳವಾದಲ್ಲಿ ನಾಲ್ವರೊಂದಿಗೆ ಒಂದು ರೂಮು.

“ಸರ, ಐದ್ ತಿಂಗಳಾತ್ರಿ. ರೂಮಿನ ಮಾಲಕ ಬಾಗಲದಾಗ ನಿಂತಾನ್ರಿ.”

“ನಿಮ್ಮ ಗೈಡಿಗೆ ಹೇಳಿ ಮಾರಾಯ್ರೆ, ಬಿಲ್ಲು ಕೊಡ್ಲಿಕ್ಕೆ. ನಾನೆಂತ ಮನೆಯಿಂದ ತಂದು ಕೊಡುದಾ?”

ಹುಡುಗ ಹೋದ. ರಾಯರು ಸ್ವಲ್ಪ ಹೊತ್ತು ಸುಮ್ಮನೆ ಪೆನ್ನಿನ ಕ್ಯಾಪು ಕಚ್ಚಿದರು. ಆಮೇಲೆ ಕಪಾಟಿನ ಕೆಳಗಿನ ಅರೆಯಿಂದ ಲಾಡಿ ಕಟ್ಟಿದ ಹಳೆಯ ಫೈಲೊಂದನ್ನು ಎಳೆದು, ಧೂಳು ಜಾಡಿಸಿ, ಎಂದೋ ಯಾವುದೋ ಕಮಿಟಿ ಪಾಸು ಮಾಡಿದ ಒಂದು ನಿರ್ಣಯ ಹುಡುಕಿದರು. ಅನುದಾನ ತಡವಾದರೆ ಫೆಲೋಗಳಿಗೆ ಓವರ್‌ಹೆಡ್ ನಿಧಿಯಿಂದ ಮುಂಗಡ ಕೊಡಬಹುದು, ಕಂತು ಬಂದ ಮೇಲೆ ಮುರಿದುಕೊಳ್ಳತಕ್ಕದ್ದು. ಅದು ಇದೆ ಎಂದು ನೆನಪಿದ್ದವರು ಇಡೀ ಕ್ಯಾಂಪಸ್ಸಿನಲ್ಲಿ ಅವರೊಬ್ಬರೇ ಇರಬೇಕು. ಮೂರು ಸಾಲಿನ ನೋಟು ಬರೆದು, ಅಡಿಯಲ್ಲಿ ಮರಾಠಿಯಲ್ಲಿ ‘ಮಾನ್ಯತೇಸ್ತವ ಸಾದರ’, ಅಂದರೆ ಒಪ್ಪಿಗೆಗಾಗಿ ಸಲ್ಲಿಸಿದೆ, ಎಂದು ಹಾಕಿ, ಪ್ಯೂನಿನ ಕೈಗೆ ಕೊಡದೆ ತಾವೇ ರಿಜಿಸ್ಟ್ರಾರರ ಪಿ.ಎ. ಹತ್ತಿರ ನಡೆದರು. ವಾರದಲ್ಲಿ ಹಣ ಬಂತು. ಥ್ಯಾಂಕ್ಸ್ ಹೇಳಲು ಬಂದ ಹುಡುಗನನ್ನು, “ನನಗೆಂತಕೆ? ರೂಲಲ್ಲಿ ಇತ್ತು” ಎಂದು ಓಡಿಸಿದರು.

ಹಾಗಾದರೆ ಆ ನಿರ್ಣಯವನ್ನು ಎರಡನೆಯ ತಿಂಗಳಲ್ಲೇ ಹೊರತೆಗೆಯಬಾರದಿತ್ತೇ? ನಾನು ಕೇಳಿದ್ದೇನೆ. ರಾಯರಿಗಿರುವುದು ಆಡಿಟ್ ಪ್ಯಾರಾದ, ಅಂದರೆ ಲೆಕ್ಕತಪಾಸಣೆಯವರ ಆಕ್ಷೇಪಣೆಯ ಭಯ. ಪ್ರೊಫೆಸರರು ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ, ಕುಲಪತಿಗಳು ರಾಜ್ಯಪಾಲರ ಕೈಕುಲುಕಿ ಇಳಿಯುತ್ತಾರೆ, ಆದರೆ ವೋಚರಿನ ಮೇಲಿನ ರಾಯರ ಪುಟ್ಟ ರುಜು ಎಲ್ಲಿಯೂ ಹೋಗುವುದಿಲ್ಲ. ಹಳೆಯ ಆಕ್ಷೇಪಣೆಯೊಂದು ಬಗೆಹರಿಯದೆ ಸಹೋದ್ಯೋಗಿಯ ಗ್ರಾಚ್ಯುಯಿಟಿ ತಡೆಹಿಡಿದದ್ದನ್ನು ಅವರು ಕಣ್ಣಾರೆ ಕಂಡವರು. ನನಗೇನೋ ತಪ್ಪು ರಾಯರದ್ದೆನಿಸುವುದಿಲ್ಲ. ಒಳ್ಳೆಯದು ಮಾಡಿದರೆ ಯಾರೂ ಕೇಳದ, ಮಾಡದಿದ್ದರೂ ಯಾರೂ ಕೇಳದ, ಬೇರೆ ಥರ ಮಾಡಿದರೆ ಮಾತ್ರ ಹತ್ತು ವರ್ಷದ ಮೇಲೂ ಕೇಳುವ ಕುರ್ಚಿಯಲ್ಲಿ ಯಾರು ಕೂತರೂ ಹಾಗೆಯೇ ಆಗುತ್ತಾರೆ.

ಕಂಪೆನಿಗಳ ಕಂಟ್ರಾಕ್ಟು ಬಂದಾಗ ಇದೇ ಸ್ವಭಾವ ಪ್ರೊಫೆಸರರನ್ನು ಕಾಪಾಡುತ್ತದೆ. ಪವಾಯಿಯ ಐಐಟಿಯಂಥ ಕಡೆ ಇದಕ್ಕೆಂದೇ ಐಆರ್‌ಸಿಸಿ ಎಂಬ ದೊಡ್ಡ ಕಚೇರಿ ಇದೆ, ಅದರ ಮೇಲೊಬ್ಬ ಡೀನ್ ಇದ್ದಾರೆ. ಚಿಕ್ಕ ಸಂಸ್ಥೆಗಳಲ್ಲಿ ಕಾನೂನು ವಿಭಾಗವೂ ರಾಯರೇ, ಡೀನೂ ಹೆಚ್ಚುಕಡಿಮೆ ರಾಯರೇ. ಕಂಪೆನಿಯ ವಕೀಲರು ಇಪ್ಪತ್ತೆಂಟು ಪುಟದ ಕರಾರು ಕಳಿಸುತ್ತಾರೆ. ಪ್ರೊಫೆಸರರು ಮೊತ್ತ ನೋಡಿ ರುಜು ಹಾಕಲು ಪೆನ್ನು ಬಿಚ್ಚುತ್ತಾರೆ. ರಾಯರು ಹತ್ತೊಂಬತ್ತನೆಯ ಪುಟದಲ್ಲಿ ಕೆಂಪು ಗೆರೆ ಎಳೆಯುತ್ತಾರೆ.

“ಆರು ತಿಂಗಳಲ್ಲಿ ಫಲಿತಾಂಶ ಬಾರದಿದ್ರೆ ಹಣ ವಾಪಸು ಅಂತ ಉಂಟು ಸರ್. ಸಂಶೋಧನೆ ಅಂದ್ರೆ ಎಂತ, ಇಡ್ಲಿ ಹಿಟ್ಟಾ, ಬೆಳಿಗ್ಗೆ ಏಳುವಾಗ ಉಬ್ಬಿರ್ಲಿಕ್ಕೆ?”

ಜಿಎಸ್‌ಟಿ ಗಲಾಟೆಯಲ್ಲೂ ಅವರ ನಾಲಿಗೆ ಇಷ್ಟೇ ಚುರುಕು. 2024ರಲ್ಲಿ ದಿಲ್ಲಿ ಐಐಟಿ ಮೊದಲಾದ ಸಂಸ್ಥೆಗಳಿಗೆ, ಸಂಶೋಧನಾ ಅನುದಾನದ ಮೇಲೆ ಶೇ. 18 ಜಿಎಸ್‌ಟಿ ಯಾಕೆ ಕಟ್ಟಿಲ್ಲ ಎಂದು ನೋಟಿಸು ಹೋದಾಗ ಕ್ಯಾಂಪಸ್ಸುಗಳೆಲ್ಲ ಬೆಂಕಿ ಬಿದ್ದಂತೆ ಕೂಗಿದವು. ಅದೇ ವರ್ಷ ಸೆಪ್ಟೆಂಬರ್ 9ರಂದು ಜಿಎಸ್‌ಟಿ ಮಂಡಳಿಯ 54ನೇ ಸಭೆ ವಿನಾಯಿತಿ ಕೊಟ್ಟಿತು. “ಸರಕಾರ ಕೊಟ್ಟ ಹಣಕ್ಕೆ ಸರಕಾರಕ್ಕೇ ತೆರಿಗೆ. ಸದ್ಯ, ಆ ತೆರಿಗೆಗೆ ಯೂಸಿ ಕೇಳ್ಲಿಲ್ಲ” ಎಂದರು ರಾಯರು.

ದಾನದ ವಿಷಯಕ್ಕೆ ಬಂದರೆ ಅವರ ಆದರ್ಶ ಪುರುಷ ಪ್ರೇಮಚಂದ್ ರಾಯ್‌ಚಂದ್. 1864ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ 2 ಲಕ್ಷ, ಗೋಪುರಕ್ಕೆ ಇನ್ನೆರಡು ಲಕ್ಷ ಕೊಟ್ಟ ಹತ್ತಿ ವ್ಯಾಪಾರಿ. ಕೇಳಿದ್ದು ಗೋಪುರಕ್ಕೆ ತಾಯಿ ರಾಜಾಬಾಯಿಯ ಹೆಸರು, ಅಷ್ಟೆ. ಮರುವರ್ಷ ಅಮೆರಿಕದ ಅಂತರ್ಯುದ್ಧ ಮುಗಿದು, ಹತ್ತಿಯ ಬೆಲೆ ಕುಸಿದು, ಶೇರುಪೇಟೆ ನೆಲಕಚ್ಚಿತು; ಆ ಹೊಡೆತಕ್ಕೆ ಆತನೂ ದಿವಾಳಿಯಾದ. ಗೋಪುರ ಮಾತ್ರ 1878ರಲ್ಲಿ ಪೂರ್ತಿಯಾಗಿ ನಿಂತಿತು. “ಕಂತಿನಲ್ಲಿ ಕೊಡ್ತೇನೆ, ಯೂಸಿ ಕಳಿಸಿ ಅಂದಿದ್ರೆ?” ಎಂದು ರಾಯರು ಕೈಯನ್ನು ಮೇಜಿನಿಂದ ಒಂದಡಿ ಎತ್ತರದಲ್ಲಿ ಹಿಡಿದು ತೋರಿಸುತ್ತಾರೆ. “ಇಷ್ಟೇ ಆಗ್ತಿತ್ತು.”

ಡೊಂಬಿವಲಿಯ ಕಡೆ ಒಂದು ಕನ್ನಡ ಸಂಘಕ್ಕೆ ರಾಯರೇ ಖಜಾಂಚಿ. ವಾರ್ಷಿಕೋತ್ಸವಕ್ಕೆ ಹೊಟೇಲು ಮಾಲಕರೊಬ್ಬರು ಕವರು ತಂದು ಕೈಗಿಟ್ಟು, ಊಟಕ್ಕೋ ಯಕ್ಷಗಾನಕ್ಕೋ ಎಂದು ಕೂಡ ಕೇಳದೆ, ಮೊದಲ ಸಾಲಿನಲ್ಲಿ ಕೂತರು. ವೇದಿಕೆಗೆ ಕರೆದು ಶಾಲು ಹೊದಿಸಿ, ಮೈಕಿನಲ್ಲಿ ಎರಡು ಸಲ ಹೆಸರು ಹೇಳಿದ್ದಾಯಿತು. ಇದಕ್ಕೆ ಯೂಸಿ ಬೇಡವೇ ಎಂದು ನಾನು ಕೆಣಕಿದೆ.

“ಆ ಶಾಲೇ ನೈಂಟೀನ್ ಎ, ಮಾರಾಯ್ರೆ.”

ಊರಿನ ಶಾಲೆಯ ಮಾಸ್ತರು ಎಲ್ಲ ಮಕ್ಕಳಿಗೂ ಬರೆದಂತೆ ಇವರಿಗೂ ಜೂನ್ 1 ಎಂದೇ ಜನ್ಮದಿನ ಬರೆದಿದ್ದರು. ಹಾಗಾಗಿ ಒಂದು ಮೇ 31ಕ್ಕೆ ರಾಯರು ನಿವೃತ್ತರಾದರು. ಭಾಷಣದಲ್ಲಿ ಪ್ರೊಫೆಸರರೆಲ್ಲ ಅವರನ್ನು ಸಂಸ್ಥೆಯ ಬೆನ್ನೆಲುಬು ಎಂದರು. ಮಳೆಗಾಲ ಮುಗಿಯುವ ಮೊದಲೇ ಬೆನ್ನೆಲುಬನ್ನು ವಾಪಸು ಕರೆಸಬೇಕಾಯಿತು. ಯಾವ ಫೈಲು ಯಾವ ಅರೆಯಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಗುತ್ತಿಗೆಯ ಮೇಲೆ ಕನ್ಸಲ್ಟೆಂಟ್ ಹುದ್ದೆ, ಸಂಬಳ ಒಂದು ಪ್ರಾಜೆಕ್ಟಿನ ಮ್ಯಾನ್‌ಪವರ್ ಹೆಡ್ಡಿನಿಂದ. ಎರಡು ತಿಂಗಳು ಸಂಬಳ ಬರಲಿಲ್ಲ. ಆ ಪ್ರಾಜೆಕ್ಟಿನ ಯೂಸಿ ಬಾಕಿಯಿತ್ತು.

ಈಗ ಅವರ ಕುರ್ಚಿಯಲ್ಲಿರುವುದು ಬದ್ಲಾಪುರದಿಂದ ಬರುವ ಚುರುಕು ಹುಡುಗಿ. ರಾಯರು ಮೇಜಿನ ಈಚೆ ಬದಿಯಲ್ಲಿ ನಿಂತು ವಿಚಾರಿಸಿದರು. ಆಕೆ ಫೈಲು ತಿರುವಿ, ಜಾಯ್ನಿಂಗ್ ರಿಪೋರ್ಟಿನ ಮೂರನೆಯ ಪ್ರತಿ ಇಲ್ಲ, ಇರುವ ಎರಡರಲ್ಲಿ ಒಂದಕ್ಕೆ ಸೀಲಿಲ್ಲ, ಅದಾಗದೆ ಬಿಲ್ಲು ಮುಂದೆ ಹೋಗುವುದಿಲ್ಲ ಎಂದು ಮರಾಠಿಯಲ್ಲಿ ವಿನಯವಾಗಿಯೇ ಹೇಳಿದಳು. ರಾಯರು ಹೊರಗೆ ಬಂದಾಗ ಮುಖವೆಲ್ಲ ಅರಳಿತ್ತು.

“ಹುಡುಗಿ ಒಳ್ಳೇದುಂಟು” ಎಂದರು. “ಸುಲಭಕ್ಕೆ ಕೊಡುವವಳಲ್ಲ.”