ಬಸ್ಸು ಹತ್ತಿದೊಡನೆ ಕುಗ್ಗುವ ಮಕ್ಕಳು

ಮಕ್ಕಳ ಬೆಳವಣಿಗೆ ಬಗ್ಗೆ ವೈದ್ಯರು ಏನೇ ಬರೆದಿರಲಿ, ನಮ್ಮ ಕಡೆಯ ಮಗುವಿಗೆ ಒಂದೇ ದಿನ ಮೂರು ವಯಸ್ಸು ಇರುತ್ತದೆ. ಬಟ್ಟೆ ಅಂಗಡಿಯಲ್ಲಿ ಎಂಟು. ‘ಬೆಳೆಯೋ ಮಗು, ದೊಡ್ಡದೇ ಕೊಡಿ’ ಎಂದು ಕೊಂಡ ಚಡ್ಡಿಯನ್ನು ಪಾಪ ಅದು ಒಂದು ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತದೆ. ಶಾಲೆಯ ಕೌಂಟರಿನ ಮುಂದೆ ಆರು. ಬಸ್ಸು ಹತ್ತಿದೊಡನೆ ಐದು. ಕೆಎಸ್‌ಆರ್‌ಟಿಸಿಯಲ್ಲಿ 6 ತುಂಬುವವರೆಗೆ ಟಿಕೆಟ್ ಇಲ್ಲ, ಅಲ್ಲಿಂದ 12ರವರೆಗೆ ಅರ್ಧ. ರೈಲಿನಲ್ಲಿ ಗಡಿ ಐದಕ್ಕೇ ಬರುವುದರಿಂದ ಪ್ಲಾಟ್‌ಫಾರಂ ತಲುಪುವಷ್ಟರಲ್ಲಿ ಮಗು ಇನ್ನೊಂದು ವರ್ಷ ಕುಗ್ಗಿರುತ್ತದೆ. ಇದನ್ನು ಜುಗ್ಗತನ ಅಂದುಕೊಂಡವರು ಅಂದುಕೊಳ್ಳಲಿ, ನನ್ನ ಪ್ರಕಾರ ಇದು ಸಂಕಟ. ಮಗು ಬೆಳೆಯಿತೆಂದು ನಾಲ್ಕು ಜನರ ಮುಂದೆ, ಕಾಸು ಕೊಟ್ಟು, ಚೀಟಿ ಹರಿಸಿಕೊಂಡು ಒಪ್ಪಿಕೊಳ್ಳಬೇಕಾದ ಮೊದಲ ಜಾಗ ಬಸ್ಸು. ಒಪ್ಪಿಕೊಳ್ಳಲು ಬಾಯಿ ಬರುವುದಿಲ್ಲ. ನಾನೂ ಈ ಪಂಗಡಕ್ಕೇ ಸೇರಿದವನಾದ್ದರಿಂದ, ನಾಚಿಕೆ ಬಿಟ್ಟು ನಮ್ಮವರ ಪರ ವಕಾಲತ್ತು ವಹಿಸುತ್ತೇನೆ.

ದುಡ್ಡಿಗಲ್ಲದಿದ್ದರೆ ಮತ್ತೇಕೆ ಸುಳ್ಳು ಎನ್ನುವವರಿಗೆ ಶಕ್ತಿ ಯೋಜನೆಯೇ ಸಾಕ್ಷಿ. 2023ರ ಜೂನ್ 11ರಿಂದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಪ್ರಯಾಣ ಉಚಿತ. ಆರು ತುಂಬಿದ ಹುಡುಗಿಗೆ ಕಂಡಕ್ಟರ್ ಶೂನ್ಯ ಟಿಕೆಟ್ ಕೊಡಬೇಕು; ಆ ಲೆಕ್ಕದ ಮೇಲೆಯೇ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುವುದು. ಹಾಗಾಗಿ ಅವನು ವಯಸ್ಸು ಕೇಳುತ್ತಾನೆ. ಆರೆಂದರೂ ಸೊನ್ನೆ, ಐದೆಂದರೂ ಸೊನ್ನೆ. ಆದರೂ ತಾಯಿಯ ಬಾಯಿಂದ ‘ಅಯ್ಯೋ, ಇನ್ನೂ ಚಿಕ್ಕವಳು’ ಎಂದೇ ಬರುತ್ತದೆ. ಒಂದು ಪೈಸೆ ಲಾಭವಿಲ್ಲದ ಇಂಥ ಸುಳ್ಳನ್ನು ಜುಗ್ಗತನದ ಖಾತೆಗೆ ಬರೆಯುವುದು ಹೇಗೆ? ಶಾಲೆಗೆ ಸೇರಿಸುವಾಗ ಬೆಳೆಸುವ ಆತುರ ಇದೇ ಜನಕ್ಕಲ್ಲವೇ ಎಂದು ಕೇಳಬಹುದು. ನಿಜ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕೆಂದು 2022ರಲ್ಲಿ ಆದೇಶವಾದದ್ದಕ್ಕೆ ನಾವೆಲ್ಲ ಬೊಬ್ಬೆ ಹೊಡೆದು, 2025-26ರ ಮಟ್ಟಿಗೆ ಅದನ್ನು 5 ವರ್ಷ 5 ತಿಂಗಳಿಗೆ ಇಳಿಸಿಕೊಂಡೆವು. ಆದರೆ ಅಲ್ಲಿ ಬೆಳೆಯುವುದು ಅರ್ಜಿಯಲ್ಲಿರುವ ಮಗು. ಬಸ್ಸಿನಲ್ಲಿರುವುದು ತೊಡೆಯ ಮೇಲಿನ ಮಗು.

ಆ ತೊಡೆಯ ಶ್ರಮವನ್ನಾದರೂ ಗೌರವಿಸಬೇಕು. ಕಂಡಕ್ಟರ್ ಇನ್ನೂ ಮೂರು ಸೀಟು ಮುಂದಿರುವಾಗಲೇ ಕಿಟಕಿ ಪಕ್ಕದ ಮಗು ತೊಡೆಗೇರುತ್ತದೆ. ಮೊಣಕಾಲು ಎದುರಿನ ಕಂಬಿಗೆ ತಾಗದಂತೆ ಮಡಚಿ, ತಲೆಯನ್ನು ಕಂಕುಳಿಗೆ ಒತ್ತಿ, ಮೇಲೆ ಸೆರಗು ಹೊದಿಸಿದರೆ ಮೂರೂಮುಕ್ಕಾಲು ಅಡಿಯ ಮನುಷ್ಯ ಕೈಕೂಸಾಗುತ್ತಾನೆ. ಹೊರಗೆ ಇಣುಕುವುದು ಚಪ್ಪಲಿ ಮಾತ್ರ. ಅದೋ, ಬೆಳೆಯೋ ಮಗುವೆಂದು ಕೊಂಡ ಎಂಟು ವರ್ಷದವರ ಚಪ್ಪಲಿ. ಪಳಗಿದ ಕಂಡಕ್ಟರ್ ಎತ್ತರ ನೋಡುವುದಿಲ್ಲ, ಹಲ್ಲು ನೋಡುತ್ತಾನೆ. ಕೆಳಗಿನ ಮುಂದಿನ ಹಾಲುಹಲ್ಲು ಬೀಳುವುದು ಆರರ ಆಸುಪಾಸಿನಲ್ಲಿ. ಬಾಯಿ ತೆರೆದರೆ ಆ ಕಿಂಡಿಯೇ ಜನನ ಪ್ರಮಾಣಪತ್ರ. ಆದ್ದರಿಂದ ‘ಬಾಯಿ ಮುಚ್ಚು, ತಾಚಿ ಮಾಡು’ ಎಂದು ಕಿವಿಯಲ್ಲಿ ಅಪ್ಪಣೆಯಾಗುತ್ತದೆ. ಮಗು ಕಣ್ಣು ಮುಚ್ಚುತ್ತದೆ, ರೆಪ್ಪೆ ಪಟಪಟ ಬಡಿಯುತ್ತದೆ. ‘ಎಷ್ಟು ವರ್ಷ?’ ಅಮ್ಮ ‘ಐದು’ ಎನ್ನುವುದೂ ಅಪ್ಪ ‘ನಾಲ್ಕೂವರೆ’ ಎನ್ನುವುದೂ ಒಟ್ಟಿಗೇ ಆಗುತ್ತದೆ. ಅಷ್ಟರಲ್ಲಿ ಸೆರಗಿನ ಸಂದಿಯಿಂದ ಒಂದು ಕಣ್ಣು ತೆರೆದು, ಡ್ರೈವರ್ ತಲೆಯ ಮೇಲಿನ ಬೋರ್ಡು ಕಂಡು, ಎಳೆದೆಳೆದು ದನಿಯೊಂದು ಹೊರಡುತ್ತದೆ: ‘ಟಿ...ಕೆ...ಟ್ ಇಲ್ಲದೆ ಪ್ರ...ಯಾ...ಣಿಸುವುದು ಅಪರಾಧ.’ ಒಂದು ಒತ್ತಕ್ಷರವೂ ತಪ್ಪಿಲ್ಲ. ಹೆಮ್ಮೆಪಡಬೇಕೋ ಇಳಿದುಹೋಗಬೇಕೋ ತಿಳಿಯದೆ ಅಪ್ಪ ‘ಅಂಗನವಾಡೀಲಿ ಚೆನ್ನಾಗಿ ಹೇಳಿಕೊಡ್ತಾರೆ’ ಎನ್ನುತ್ತಾನೆ. ಆಗ ಯಾರೂ ಕೇಳದಿದ್ದರೂ ಪಕ್ಕದ ಸೀಟಿನವರು, ‘ನಮ್ಮ ಹುಡುಗನೂ ಇಷ್ಟೇ ಉದ್ದ, ಮೂರನೇ ಕ್ಲಾಸು’ ಎಂದು ಸಾಕ್ಷಿ ಹೇಳುತ್ತಾರೆ. ನಿಗಮ ಇವರಿಗೆ ಸಂಬಳ ಕೊಡುವುದಿಲ್ಲ, ಆದರೂ ಒಂದು ದಿನ ಡ್ಯೂಟಿ ತಪ್ಪಿಸುವುದಿಲ್ಲ.

ಒಂದು ಆಕ್ಷೇಪಣೆಗೆ ಮಾತ್ರ ನನ್ನ ವಕಾಲತ್ತು ನಿಲ್ಲುವುದಿಲ್ಲ. ರಾತ್ರಿ ಪುಣ್ಯಕೋಟಿಯ ಕಥೆ ಹೇಳಿದವರೇ ಬೆಳಿಗ್ಗೆ ಬಸ್ಸಿನಲ್ಲಿ ಹೀಗೆ ಮಾಡಿದರೆ ಮಗು ಸುಳ್ಳು ಕಲಿಯುತ್ತದೆ ಎನ್ನುತ್ತಾರೆ. ಅದಿರಲಿ, ಸುಳ್ಳನ್ನು ಅದು ನಮ್ಮ ಸಹಾಯವಿಲ್ಲದೆಯೂ ಕಲಿಯುತ್ತದೆ. ನನಗೆ ಹೆದರಿಕೆ ಬೇರೆ. ಆರು ತುಂಬಿದ್ದು ಅದರ ಪಾಲಿಗೆ ಈವರೆಗಿನ ದೊಡ್ಡ ಸಾಧನೆ. ಬಿದ್ದ ಹಲ್ಲನ್ನು ಬೀದಿಗೆಲ್ಲ ತೋರಿಸಿ ಬಂದಿದೆ. ಅದನ್ನೇ ನಾವು ಸೆರಗಿನಡಿ ತುರುಕಿದರೆ, ಬೆಳೆದದ್ದು ತನ್ನದೇ ತಪ್ಪೇನೋ ಎಂದು ಅದು ತಿಳಿದುಕೊಂಡರೆ? ಆದ್ದರಿಂದ ಅರ್ಧ ಟಿಕೆಟ್ ಕೊಳ್ಳುವುದೇ ಸರಿ. ಕೊಂಡು ಅದರ ಕೈಗೇ ಕೊಡಬೇಕು. ಇಳಿಯುವವರೆಗೂ ಮುಷ್ಟಿಯಲ್ಲಿ ಬೆವರುವಂತೆ ಹಿಡಿದುಕೊಂಡಿರುತ್ತದೆ. ಟಿಕೆಟ್ ಪಡೆದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಾರದೆಂಬ ನಿಯಮ ಯಾವ ನಿಗಮದಲ್ಲೂ ಇಲ್ಲ. ಆದರೆ ಆಗ ಅದು ಕೂರುವುದಿಲ್ಲ, ‘ನನ್ನ ಸೀಟು’ ಎನ್ನುತ್ತದೆ.